ಗಂಧದೆಣ್ಣೆಗೆ ಕೂಡಿದ ಕೈಗಳು

ಬೆಂಗಳೂರನ್ನು ವಿಜ್ಞಾನದ ನಗರವೆಂದು ಹೊಗಳುವಾಗ ನಾವು ಸಾಮಾನ್ಯವಾಗಿ ಸಾಫ್ಟ್‌ವೇರ್ ಕಂಪೆನಿಗಳಿಂದಲೇ ಮಾತು ಆರಂಭಿಸುತ್ತೇವೆ. ಆದರೆ ಸರಕಾರ, ವಿಜ್ಞಾನಿ ಮತ್ತು ಉದ್ಯಮ ಒಂದಾಗಿ ದುಡಿಯುವ ರೂಢಿ ಈ ಊರಿನಲ್ಲಿ ಅದಕ್ಕಿಂತ ಬಹಳ ಹಳೆಯದು. ಶ್ರೀಗಂಧದ ಎಣ್ಣೆಯ ಕತೆಯನ್ನೇ ನೋಡೋಣ.

ಶ್ರೀಗಂಧವನ್ನು ಸರಕಾರದ ಏಕಸ್ವಾಮ್ಯಕ್ಕೆ ತಂದವರು ಟಿಪ್ಪು ಸುಲ್ತಾನ್, 1792ರಲ್ಲಿ. ಅವರ ನಂತರದ ಆಡಳಿತಗಳೂ ಈ ಹಕ್ಕನ್ನು ಬಿಟ್ಟುಕೊಡಲಿಲ್ಲ. ಆದರೂ ಮೈಸೂರು ಮಾರುತ್ತಿದ್ದುದು ಬರಿಯ ಮರವನ್ನು. ಎಣ್ಣೆ ತೆಗೆದು ಲಾಭ ಮಾಡಿಕೊಳ್ಳುತ್ತಿದ್ದವರು ಯುರೋಪಿನವರು, ಅದರಲ್ಲೂ ಜರ್ಮನರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆ ಮಾರುಕಟ್ಟೆ ಮುಚ್ಚಿಹೋಯಿತು.

ಆಗ ನೆರವಿಗೆ ಬಂದದ್ದು ನಾವಿಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ. ಜಮ್‌ಶೆಟ್‌ಜಿ ಟಾಟಾ ಅವರ ದತ್ತಿಯಿಂದ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿಯಲ್ಲಿ 1909ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ಸಂಸ್ಥಾನದ ಕೈಗಾರಿಕಾ ನಿರ್ದೇಶಕರು ಆಲ್ಫ್ರೆಡ್ ಚಾಟರ್ಟನ್. ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಚಕ್ಕೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುವ ವಿಧಾನವನ್ನು ಪ್ರಯೋಗಾಲಯದಲ್ಲಿ ಸಿದ್ಧಗೊಳಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ಕಾರ್ಖಾನೆ ಶುರುವಾಯಿತು, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದು ಇದೇ ಎಣ್ಣೆಯಿಂದ. ಸಂಶೋಧನೆಯೆಂದರೆ ಪದವಿ ಪಡೆಯಲು ಬರೆಯುವ ಪ್ರಬಂಧವೆಂದು ತಿಳಿದವರು ಇದನ್ನು ಗಮನಿಸಬೇಕು.

ಇದೇ ಹಾದಿ ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ ಇನ್ನೂ ಅಗಲವಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮೈಸೂರು ಸರಕಾರ ಭೂಮಿಯನ್ನೂ ಬಂಡವಾಳವನ್ನೂ ಕೊಟ್ಟಿತು. ಎರಡು ವರ್ಷಗಳಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ತಂತ್ರಜ್ಞಾನ ವಿಭಾಗ ತೆರೆಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರು ವಿ.ಎಂ. ಘಾಟಗೆ. ಅವರು ಕಾರ್ಖಾನೆಯಿಂದ ಸಂಸ್ಥೆಗೆ ಬಂದವರು. ಮತ್ತೆ ಕಾರ್ಖಾನೆಗೆ ಮರಳಿ ಎಚ್‌ಟಿ-2 ವಿಮಾನವನ್ನು ರೂಪಿಸಿದರು. 1951ರಲ್ಲಿ ಅದು ಮೊದಲ ಬಾರಿ ಹಾರಿತು. ಒಪ್ಪಂದದ ಕಾಗದಗಳಿಗಿಂತ ಇಂಥವರ ಓಡಾಟವೇ ಈ ನಂಟನ್ನು ಬಿಗಿಗೊಳಿಸಿತೆಂದು ನಮಗೆ ತೋರುತ್ತದೆ.

ಇನ್ನು, ಗಂಧದ ಕತೆಯಲ್ಲಿ ಒಬ್ಬನ ಹೆಸರು ಬರಲೇ ಇಲ್ಲ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರಕಾರದ ಸೊತ್ತಾಗಿತ್ತು. ಕಾಯುವ ಹೊರೆ ಅವನದು, ಕಳವಾದರೆ ವಿಚಾರಣೆಯ ಭಯವೂ ಅವನದೇ. ಹೀಗಿರುವಾಗ ಗಂಧದ ಸಸಿಯನ್ನು ಯಾರು ತಾನೇ ಬೆಳೆಯಲು ಬಿಟ್ಟಾರು? ಕರ್ನಾಟಕದಲ್ಲಿ ಜಮೀನಿನ ಒಡೆಯನೇ ಮರದ ಒಡೆಯನೆಂದು ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಬೆಂಗಳೂರಿನಲ್ಲಿ ಎಣ್ಣೆ ಇಳಿಸಲು ತೊಡಗಿ ಆಗಲೇ 85 ವರ್ಷಗಳಾಗಿದ್ದವು.