ಶಿಲೆಯಿಂದ ಯಂತ್ರಕ್ಕೆ: ಚಿತ್ರದುರ್ಗ ಸೀಮೆಯ ಶಾಸನಪಾಠಗಳ ಸ್ಥಳಾಂತರ

ದಾಖಲೆಯೊಂದು ಹುಟ್ಟಿದ ಬಗೆಯನ್ನು ಇತಿಹಾಸಕಾರರು ಶ್ರದ್ಧೆಯಿಂದ ವಿಚಾರಿಸುತ್ತಾರೆ. ಅದು ಒಂದು ಭಂಡಾರದಿಂದ ಮತ್ತೊಂದಕ್ಕೆ ಸಾಗಿದ ಬಗೆಯನ್ನು ಅಷ್ಟೇ ಶ್ರದ್ಧೆಯಿಂದ ವಿಚಾರಿಸುವವರು ವಿರಳ. ಇಂದು ಮನೆಯಲ್ಲಿ ಕಂಪ್ಯೂಟರ್ ಉಳ್ಳವರಿಗೂ ಈ ಪ್ರಶ್ನೆ ಅಪರಿಚಿತವಲ್ಲ. ಹಳೆಯ ಸಂಗ್ರಹಯಂತ್ರದಲ್ಲಿರುವ ಸಾವಿರಾರು ಚಿತ್ರ, ಬರಹಗಳನ್ನು ಹೊಸದಕ್ಕೆ ಸಾಗಿಸಿದ ಮೇಲೆ, ಎರಡೂ ಒಂದೇ ಎಂದು ಖಚಿತಪಡಿಸಿಕೊಳ್ಳದೆ ಹಳೆಯದನ್ನು ಅಳಿಸಲಾಗದೆಂದು ಅವರು ಬಲ್ಲರು. ಚಿತ್ರದುರ್ಗ ಜಿಲ್ಲೆಯ ಶಾಸನಗಳ ವಿಷಯದಲ್ಲಿ ಇದೇ ಪ್ರಶ್ನೆ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಮ್ಮ ಮುಂದಿದೆ. ಅದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಗಮನಿಸಬೇಕಾದುದೇನೆಂದರೆ, ಶಿಲಾಶಾಸನವೂ ಒಂದು ಪ್ರತಿಯೇ. ಪಾಠವನ್ನು ರಚಿಸಿದವನು ಒಬ್ಬ, ಕಲ್ಲಿನಲ್ಲಿ ಕಂಡರಿಸಿದವನು ಸಾಮಾನ್ಯವಾಗಿ ಇನ್ನೊಬ್ಬ. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಇದಕ್ಕೆ ಉತ್ತಮ ನಿದರ್ಶನ. ಒಂದೇ ರಾಜಾಜ್ಞೆಯು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸಮೀಪದ ತಾಣಗಳಲ್ಲಿ ಕೆತ್ತಲ್ಪಟ್ಟಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿಯೂ, ತನ್ನ ವೃತ್ತಿಯನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೂ ಬರೆದಿದ್ದಾನೆ. ಅದನ್ನು ಓದಬಲ್ಲವರು ಈ ಸೀಮೆಯಲ್ಲಿ ಎಷ್ಟು ಮಂದಿ ಇದ್ದಿರಬಹುದು? ಅವನ ಈ ಸಣ್ಣ ಬಿಂಕವನ್ನು ಕ್ಷಮಿಸಬಹುದು; ಪ್ರತಿಕಾರನೊಬ್ಬನು ತನ್ನನ್ನು ತಾನೇ ಗುರುತಿಸಿಕೊಟ್ಟಿರುವುದು ನಮಗೆ ಮಹೋಪಕಾರವಾಗಿದೆ. ಇದಕ್ಕಿಂತಲೂ ಮುಖ್ಯವಾದುದು ಪ್ರತಿಗಳು ಮೂರಿರುವುದು. ಜಟಿಂಗ ರಾಮೇಶ್ವರದ ಬಂಡೆ ಬಹಳ ಸವೆದಿದ್ದರೂ ಅಲ್ಲಿನ ಪಾಠದ ಸ್ವರೂಪವನ್ನು ಬ್ರಹ್ಮಗಿರಿಯ ಪ್ರತಿಯ ನೆರವಿನಿಂದ ತಿಳಿಯಲು ಸಾಧ್ಯವಾಗಿದೆ.

ಶಿಲೆಯಿಂದ ಕಾಗದಕ್ಕೆ ನಡೆದ ಮಹಾಸಾಗಣೆ ರೈಸ್ ಅವರದು. ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಚ್ಚಾದವು. ಚಿತ್ರದುರ್ಗ ಜಿಲ್ಲೆಗೆ ಮೀಸಲಾದ 11ನೆಯ ಸಂಪುಟ 1903ರಲ್ಲಿ ಹೊರಬಂದಿತು. ಪಾಠಗಳನ್ನು ಅರಸುಮನೆತನಗಳ ಕ್ರಮದಲ್ಲಿ ಜೋಡಿಸದೆ, ತಾಲ್ಲೂಕು ಮತ್ತು ಗ್ರಾಮಗಳ ಕ್ರಮದಲ್ಲಿ ಸಂಖ್ಯೆ ಕೊಟ್ಟು ಜೋಡಿಸಿದುದು ನನ್ನ ಅಭಿಪ್ರಾಯದಲ್ಲಿ ಆ ಸಂಪುಟಗಳ ಅತ್ಯಂತ ದೂರದೃಷ್ಟಿಯ ಅಂಶ. ಕಾಗದಕ್ಕೆ ಬಂದ ಪಾಠವು ತನ್ನ ಕಲ್ಲಿನ ವಿಳಾಸವನ್ನು ಹೊತ್ತುಕೊಂಡೇ ಬಂದಿತು. ಓದುಗನಿಗೆ ಸಂದೇಹವುಂಟಾದರೆ ಹಿಂದಿರುಗಿ ಹೋಗಲು ದಾರಿ ಉಳಿಯಿತು.

ಹಾಗೆ ಹಿಂದಿರುಗುವುದರ ಬೆಲೆಯನ್ನು ಚಂದ್ರವಳ್ಳಿಯ ಶಾಸನದಷ್ಟು ಸ್ಪಷ್ಟವಾಗಿ ತಿಳಿಸುವುದು ಈ ಜಿಲ್ಲೆಯಲ್ಲಿ ಬೇರೊಂದಿಲ್ಲ. ಚಿತ್ರದುರ್ಗದ ಪಕ್ಕದಲ್ಲಿಯೇ, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ, ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಮೂರು ಸಾಲುಗಳಿವೆ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದರು. ಕದಂಬ ಮಯೂರಶರ್ಮನು ಕೆರೆಯೊಂದನ್ನು ನಿರ್ಮಿಸಿದನೆಂಬ ಭಾಗದ ಜೊತೆಗೆ, ಅವನು ಗೆದ್ದವರ ಪಟ್ಟಿಯೊಂದನ್ನೂ ಅವರು ಓದಿದರು. ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಪುನ್ನಾಟ, ಮೌಖರಿ ಮುಂತಾದ ಹೆಸರುಗಳು ಅದರಲ್ಲಿ ಸೇರಿದ್ದವು. ಈ ಪಟ್ಟಿ ಅಚ್ಚಾದ ಮೇಲೆ ಗ್ರಂಥದಿಂದ ಗ್ರಂಥಕ್ಕೆ ಸಾಗಿ, ಬನವಾಸಿಯ ಅರಸನೊಬ್ಬನು ಉತ್ತರಾಪಥದವರೆಗೆ ದಂಡೆತ್ತಿದ ಚಿತ್ರ ವಿದ್ಯಾರ್ಥಿಗಳ ಮನಸ್ಸಿನಲ್ಲಿ ನೆಲೆಯೂರಿತು. ಮಯೂರಶರ್ಮನ ಬಾಳನ್ನು ವಿಸ್ತಾರವಾಗಿ ಹೇಳುವ ತಾಳಗುಂದದ ಸ್ತಂಭಶಾಸನದಲ್ಲಿ ಅಂತಹ ಉತ್ತರ ದಿಗ್ವಿಜಯದ ಮಾತಿಲ್ಲವೆಂಬುದನ್ನು ವಿದ್ವಾಂಸರು ಮರೆತಿರಲಿಲ್ಲ, ಸಂದೇಹಗಳು ಎದ್ದವು. ಕೊನೆಗೆ ಚಿತ್ರದುರ್ಗದವರೇ ಆದ ಡಾ. ಬಿ. ರಾಜಶೇಖರಪ್ಪ ಅವರು ಬಂಡೆಯನ್ನು ಮತ್ತೆ ಪರಿಶೀಲಿಸಿ ಭಿನ್ನವಾದ ಪಾಠವನ್ನು ಮಂಡಿಸಿದರು. ಯಾವ ಪಾಠ ಎಷ್ಟು ಗ್ರಾಹ್ಯವೆಂಬ ಚರ್ಚೆ ಇಲ್ಲಿ ಬೇಡ. ಬಂಡೆ ಇದ್ದ ಸ್ಥಳದಲ್ಲಿಯೇ ಇದ್ದುದರಿಂದ ಮಾತ್ರ ಆ ಚರ್ಚೆ ಸಾಧ್ಯವಾಯಿತು ಎಂಬುದಷ್ಟೇ ನಮಗೆ ಪ್ರಸ್ತುತ.

ಕಲ್ಲು ಮತ್ತು ಅಚ್ಚಿನ ಪುಟಗಳ ನಡುವೆ ಪಡಿಯಚ್ಚು ಎಂಬುದೊಂದಿದೆ. ತೊಳೆದ ಕಲ್ಲಿನ ಮೇಲೆ ತೇವದ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿನೊಳಕ್ಕೆ ಇಳಿಸಿ, ಮೇಲೆ ಮಸಿಯನ್ನು ಒತ್ತಿದಾಗ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಓದುವವನ ಊಹೆ ಇದರಲ್ಲಿ ಬೆರೆತಿರುವುದಿಲ್ಲ. ಇದರ ಹೆಚ್ಚಳ ಅದೇ. ಭಾರತ ಸರ್ಕಾರದ ಶಾಸನ ಶಾಖೆಯು 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ವರ್ಗಾವಣೆಯಾದಾಗ ಪಡಿಯಚ್ಚುಗಳ ಭಂಡಾರವೂ ಬಂದಿತು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ರೈಸ್ ಅವರ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸತೊಡಗಿತು.

ಈಗ ಈ ಪಾಠಗಳು ಯಂತ್ರಗಳಿಗೆ ಏರುತ್ತಿವೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತಗಳನ್ನು ಸಾಗಿಸುವವರು, ಪ್ರತಿಯೊಂದು ಕಡತದಿಂದ ಗಣಿತಕ್ರಮದಿಂದ ‘ಚೆಕ್‌ಸಮ್’ ಎಂಬ ಅಂಕೆಯನ್ನು ಪಡೆದು, ಸಾಗಣೆಯ ಮೊದಲೂ ಅನಂತರವೂ ಅದನ್ನು ಹೋಲಿಸಿ ನೋಡುತ್ತಾರೆ. ಅಂಕೆಗಳು ಹೊಂದಿಕೊಂಡರೆ ಒಂದಕ್ಷರವೂ ಕೆಟ್ಟಿಲ್ಲವೆಂದು ನಂಬಬಹುದು. ಚಪಡನಿಗಾಗಲಿ ರೈಸ್ ಅವರಿಗಾಗಲಿ ಇಂತಹ ಅನುಕೂಲವಿರಲಿಲ್ಲ. ಆದರೆ ಈ ಪರೀಕ್ಷೆ ಪ್ರತಿಗೂ ಪ್ರತಿಗೂ ನಡುವಿನದು. ಕಲ್ಲಿಗೂ ಓದಿಗೂ ನಡುವಿನದಲ್ಲ. ತಪ್ಪು ಪಾಠವೊಂದು ಯಂತ್ರಕ್ಕೆ ಏರಿದರೆ, ಅದೇ ತಪ್ಪು ಒಂದು ಬಿಂದುವೂ ಕೆಡದೆ ಎಷ್ಟು ಯಂತ್ರಗಳಿಗಾದರೂ ಸಾಗೀತು. ಆದುದರಿಂದ ಅಚ್ಚಿನ ಪಾಠದೊಡನೆ ಪಡಿಯಚ್ಚಿನ ಛಾಯಾಚಿತ್ರವನ್ನೂ, ಕಲ್ಲಿನ ಇಂದಿನ ನೆಲೆಯನ್ನೂ ಸೇರಿಸದ ಸಂಗ್ರಹವನ್ನು ಪೂರ್ಣವೆನ್ನಲಾಗದು.

ನೆಲೆಯನ್ನು ಗುರುತಿಸುವ ಕೆಲಸ ನಮ್ಮ ಕಾಲೇಜುಗಳಿಗೆ ಎಟುಕುವಂತಹುದು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿಯಂತಹ ಕಟ್ಟಡಗಳನ್ನು ಹುಡುಕುವುದು ಸುಲಭ. ಹೊಳಲ್ಕೆರೆ, ಹಿರಿಯೂರುಗಳ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಬಿಡಿಗಲ್ಲುಗಳ ಮಾತು ಬೇರೆ. 11ನೆಯ ಸಂಪುಟ ಅಚ್ಚಾದಾಗ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಇನ್ನೂ ಏಳುತ್ತಲಿತ್ತು. 1907ರಲ್ಲಿ ಅದು ಮುಗಿದು ವಾಣಿವಿಲಾಸ ಸಾಗರ ತುಂಬಿದ ಮೇಲಿನ ಭೂಮಿಯನ್ನು ಆ ಸಂಪುಟ ಕಂಡಿಲ್ಲ. ಇನ್ನೊಂದು ತೊಡಕೂ ಇದೆ. 1997ರಲ್ಲಿ ದಾವಣಗೆರೆ, ಜಗಳೂರು ತಾಲ್ಲೂಕುಗಳು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಅವುಗಳ ಶಾಸನಗಳನ್ನು ರೈಸ್ ಅವರಲ್ಲಿ ಹುಡುಕುವ ವಿದ್ಯಾರ್ಥಿ ಈಗಲೂ ಚಿತ್ರದುರ್ಗದ ಸಂಪುಟವನ್ನೇ ತೆರೆಯಬೇಕು.