ಹೆಸ್ಕಾಂ ವ್ಯಾಪ್ತಿಯಲ್ಲಿ ಇಂಧನ ದಕ್ಷತೆ

ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು (ಹೆಸ್ಕಾಂ) 2002ರಲ್ಲಿ ಕಾರ್ಯಾರಂಭ ಮಾಡಿದ ಸರ್ಕಾರಿ ಸಂಸ್ಥೆ. ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಇದು ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳಿಗೆ ವಿದ್ಯುತ್ ಪೂರೈಸುತ್ತದೆ. ಈ ವ್ಯಾಪ್ತಿಯಲ್ಲಿ ಇಂಧನ ದಕ್ಷತೆಗಾಗಿ ಹೂಡಿದ ಹಣದ ಲಾಭವು ವಿದ್ಯುತ್ ಶುಲ್ಕವನ್ನು ಭರಿಸುವವರಿಗೆ ಸಲ್ಲುತ್ತದೆ.

ಗೃಹಬಳಕೆ

ಕೇಂದ್ರ ಸರ್ಕಾರದ ಉಜಾಲಾ ಯೋಜನೆಯು 2015ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಇದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಜಾರಿಗೆ ಬಂದಿತು. 60 ವ್ಯಾಟ್‌ನ ಹಳೆಯ ಬಲ್ಬಿಗೆ ಬದಲಾಗಿ 9 ವ್ಯಾಟ್‌ನ ಎಲ್‌ಇಡಿ ಬಳಸಿದರೆ ಸಾವಿರ ಗಂಟೆಗಳಲ್ಲಿ 51 ಯೂನಿಟ್ ಉಳಿಯುತ್ತದೆ. 2023ರ ಗೃಹಜ್ಯೋತಿ ಯೋಜನೆಯಡಿ ಉಚಿತ ಮಿತಿಯೊಳಗಿರುವ ಮನೆಗಳಲ್ಲಿ ಈ ಉಳಿತಾಯವು ರಾಜ್ಯದ ಬೊಕ್ಕಸಕ್ಕೆ ಸೇರುತ್ತದೆ.

ಕೃಷಿ

10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿದ್ದು, ಅದರ ವೆಚ್ಚವನ್ನು ಸರ್ಕಾರವು ಸಹಾಯಧನದ ಮೂಲಕ ಭರಿಸುತ್ತದೆ. ಶುಲ್ಕವಿಲ್ಲದ ಕಾರಣ, ಸ್ವಂತ ಹಣದಿಂದ ದಕ್ಷ ಪಂಪ್ ಖರೀದಿಸಿದ ರೈತನಿಗೆ ವಿದ್ಯುತ್ ಉಳಿತಾಯದ ಲಾಭ ದೊರೆಯದು. ಹೀಗಾಗಿ ಇಲ್ಲಿ ಸಾರ್ವಜನಿಕ ಹೂಡಿಕೆ ಅನಿವಾರ್ಯ. ನಿಪ್ಪಾಣಿ ಮತ್ತು ಬ್ಯಾಡಗಿ ಭಾಗಗಳಲ್ಲಿ ಹಳೆಯ ಪಂಪ್‌ಸೆಟ್‌ಗಳನ್ನು ದಕ್ಷ ಪಂಪ್‌ಸೆಟ್‌ಗಳಿಂದ ಬದಲಾಯಿಸುವ ಪ್ರಾಯೋಗಿಕ ಯೋಜನೆ ಕೈಗೊಳ್ಳಲಾಗಿತ್ತು. ಪಂಪ್ ಓಡುವ ಅವಧಿ ಹೆಚ್ಚಿದರೆ ಉಳಿತಾಯ ಕುಗ್ಗುವುದರಿಂದ, ಲಾಭವನ್ನು ನಿರ್ಧರಿಸಲು ಮೀಟರ್ ಮಾಪನ ಅಗತ್ಯವಾಗಿದೆ.