ಬರೆಯೋ ಮುಂಚೆಯೇ ಕೆಂಪು ಗೆರೆ

ಮತ ಹಾಕುವಾಗ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ತಯಾರಾಗೋದು ನಮ್ಮ ಮೈಸೂರಿನ ಬನ್ನಿಮಂಟಪದಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾದ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಲೋಕಸಭಾ ಚುನಾವಣೆಯಿಂದ ಇದನ್ನು ಒದಗಿಸುತ್ತಿದೆ. ಆ ಗುರುತಿಗೊಂದು ಶಿಸ್ತಿದೆ. ನೀವು ಒಳಗೆ ಬಂದು, ಪಟ್ಟಿಯಲ್ಲಿ ಹೆಸರು ಸಿಕ್ಕ ಮೇಲಷ್ಟೇ ಶಾಯಿ. ಸಾಲಲ್ಲಿ ನಿಂತವರಿಗೆಲ್ಲ ಹಚ್ಚಿಬಿಡೋದಿಲ್ಲ. ಗುರುತು ಯಾವಾಗ ಹಾಕಬೇಕು ಅನ್ನೋ ಇದೇ ಪ್ರಶ್ನೆ ವೆಬ್ ಫಾರಂಗಳನ್ನೂ ಬಹಳ ಕಾಲ ಕಾಡಿತು.

ಮೊದಮೊದಲು ತುಂಬಿದ ಫಾರಂ ಸರ್ವರ್‌ವರೆಗೂ ಹೋಗಿ, ತಪ್ಪಿದ್ದರೆ ವಾಪಸ್ ಬರ್ತಿತ್ತು. 1995ರಲ್ಲಿ ನೆಟ್‌ಸ್ಕೇಪ್‌ಗಾಗಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಬರೆದ ಮೇಲೆ ಪುಟದಲ್ಲೇ ತಪ್ಪು ಹಿಡಿಯೋದು ಸಾಧ್ಯವಾಯ್ತು. ಎಚ್‌ಟಿಎಂಎಲ್5 ಬಂದಾಗ ಇನ್ನೂ ಸಲೀಸು: ಒಂದು ಖಾನೆಗೆ 'ರಿಕ್ವೈರ್ಡ್' ಅಂತ ಬರೆದರೆ ಬ್ರೌಸರೇ ಪರೀಕ್ಷೆ ಮಾಡುತ್ತೆ. ತಪ್ಪಿರುವ ಖಾನೆಗೆ ಬಣ್ಣ ಹಚ್ಚೋಕೆ ಸಿಎಸ್‌ಎಸ್‌ನಲ್ಲಿ 'ಇನ್‌ವ್ಯಾಲಿಡ್' ಇದೆ.

ಎಡವಟ್ಟು ಆಗಿದ್ದು ಇಲ್ಲೇ. ಕಡ್ಡಾಯ ಖಾನೆ ಖಾಲಿ ಇದ್ದರೆ, ಲೆಕ್ಕದ ಪ್ರಕಾರ ಅದು ತಪ್ಪೇ. ಹಾಗಾಗಿ ಪುಟ ತೆರೆದ ಕ್ಷಣವೇ, ಒಂದಕ್ಷರ ಬರೆಯೋ ಮುಂಚೆಯೇ, ಎಲ್ಲ ಖಾನೆಗಳೂ ಕೆಂಪು.

2011ರಲ್ಲಿ ಬಂದ ಫೈರ್‌ಫಾಕ್ಸ್ 4 ಇದಕ್ಕೆ ಪರಿಹಾರ ಹುಡುಕಿತ್ತು. ಬಳಕೆದಾರ ಖಾನೆಯನ್ನು ಮುಟ್ಟಿ, ತಪ್ಪು ತುಂಬಿದ ಮೇಲಷ್ಟೇ ಸುತ್ತ ತೆಳುವಾದ ಕೆಂಪು ನೆರಳು. ಆದರೆ ಅದು ಆ ಬ್ರೌಸರಿನ ಸ್ವಂತ ವ್ಯವಸ್ಥೆ. ಆ ನೆರಳು ನಮ್ಮ ಡಿಸೈನಿಗೆ ಹೊಂದಲ್ಲ ಅಂತ ಎಷ್ಟೋ ಡೆವಲಪರ್‌ಗಳು 'ಬಾಕ್ಸ್-ಶ್ಯಾಡೋ'ಗೆ 'ನನ್' ಕೊಟ್ಟು ಅಳಿಸಿದರು. ಬದಲಿಗೆ ಬೇರೇನೂ ಇಡದ ಕಡೆ, ನಿಜವಾದ ತಪ್ಪಿನ ಗುರುತೂ ಅದರ ಜೊತೆಗೇ ಹೋಯ್ತು. 'ನನ್' ಅಂದರೆ ಅಳಿಸು ಅಂತ. ಬ್ರೌಸರಿನ ಮೂಲ ರೂಪ ವಾಪಸ್ ಬೇಕಿದ್ದರೆ 'ರಿವರ್ಟ್' ಬರೀಬೇಕು. ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಅದು ಬಂದಿದ್ದು 2020ರ ಹೊತ್ತಿಗೆ.

ಮುಟ್ಟಿದ ಮೇಲೆ ಗುರುತು ಹಾಕುವ 'ಯೂಸರ್-ಇನ್‌ವ್ಯಾಲಿಡ್' ಫೈರ್‌ಫಾಕ್ಸ್‌ಗೆ 2021ರಲ್ಲಿ, ಸಫಾರಿ ಮತ್ತು ಕ್ರೋಮ್‌ಗೆ 2023ರಲ್ಲಿ ಸಿಕ್ಕಿತು. ಅಂದರೆ 12 ವರ್ಷ.

ಒಂದು ಬಣ್ಣಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ ಅನ್ನಬಹುದು. ಹಳ್ಳಿಯಲ್ಲಿ ಬೆಳೆದ ನಮಗೆ ಕೆಂಪು ಗೆರೆ ಅಂದರೆ ಮಾರ್ಕ್ಸ್ ಕಾರ್ಡಿನಲ್ಲಿ ಫೇಲಾದ ಸಬ್ಜೆಕ್ಟು. ಪಿಂಚಣಿಗೋ ಸ್ಕಾಲರ್‌ಶಿಪ್ಪಿಗೋ ಫೋನಿನಲ್ಲಿ ಅರ್ಜಿ ತೆರೆದವರಿಗೆ ಮೊದಲು ಕಾಣೋದೇ ಐದಾರು ಕೆಂಪು ಖಾನೆಗಳಾದರೆ, 'ನಾನೇನೋ ಕೆಡಿಸಿಬಿಟ್ಟೆ' ಅಂತ ಫೋನ್ ಕೆಳಗಿಡ್ತಾರೆ. ಮಾರನೇ ದಿನ ಕೂಲಿ ಬಿಟ್ಟು, ಬಸ್ ಹತ್ತಿ, ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು ಅದೇ ಫಾರಂ ತುಂಬಿಸ್ತಾರೆ.

ಹೊಸ ಫಾರಂ ಬರೆಯುವ ಗೆಳೆಯರು 'ಇನ್‌ವ್ಯಾಲಿಡ್' ಹಿಂದೆ 'ಯೂಸರ್' ಸೇರಿಸಿ. ಪಕ್ಕದಲ್ಲಿ ಏನು ತಪ್ಪಾಗಿದೆ ಅಂತ ಒಂದು ಸಾಲು ಕನ್ನಡದಲ್ಲಿ ಬರೆಯಿರಿ. ಒಬ್ಬರ ಒಂದು ದಿನದ ಕೂಲಿ ಉಳಿಯುತ್ತೆ.